ಅಂಗಳಕ್ಕೆ ಬಂದ ಹುಲ್ಲುಗಾವಲಿನ ಹೂ

ಅಮೆರಿಕದ ಇಲಿನಾಯ್, ಅಯೋವಾ ಕಡೆ ಒಂದು ಕಾಲಕ್ಕೆ ಕಣ್ಣು ಹಾಯುವಷ್ಟು ದೂರ ಪ್ರೇರಿ ಹುಲ್ಲುಗಾವಲೇ ಇತ್ತು. ನೇಗಿಲು ಬಂತು, ಮೆಕ್ಕೆಜೋಳ, ಸೋಯಾ ಬಂದವು, ಹುಲ್ಲುಗಾವಲು ಬಹುಪಾಲು ಹೋಯಿತು. ಅಲ್ಲಿನ ಬಟರ್‌ಫ್ಲೈ ವೀಡ್ ಎಂಬ ಹೂಗಿಡ ಮಾತ್ರ ಈಗ ಮನೆಯಂಗಳಗಳಲ್ಲಿ ಅರಳುತ್ತಿದೆ. 2017ರಲ್ಲಿ ಅಲ್ಲಿನ ಬಹುವಾರ್ಷಿಕ ಸಸ್ಯಗಳ ಸಂಘ ಅದನ್ನೇ ವರ್ಷದ ಗಿಡವೆಂದು ಆರಿಸಿತು.

ಮೊಣಕಾಲೆತ್ತರದ ಗಿಡ, ಗೊಂಚಲು ಗೊಂಚಲು ಕಿತ್ತಳೆ ಹೂ. ಪುಟ್ಟ ಹೂವೊಂದನ್ನು ಹತ್ತಿರದಿಂದ ನೋಡಿ: ಐದು ದಳ ಕೆಳಕ್ಕೆ ಬಾಗಿವೆ, ಮಕರಂದದ ಐದು ಬಟ್ಟಲು ಮೇಲೆದ್ದು ನಿಂತಿವೆ. ಬಟ್ಟಲುಗಳ ನಡುವಿನ ಸೀಳಿಗೆ ಕೀಟದ ಕಾಲು ಜಾರಿದರೆ ಪರಾಗದ ಜೋಡಿಗಂಟು ಕ್ಲಿಪ್ಪಿನಂತೆ ಕಚ್ಚಿಕೊಳ್ಳುತ್ತದೆ. ನಮ್ಮ ಎಕ್ಕದ ಹೂವಿನದೂ ಇದೇ ಉಪಾಯ. ಎರಡೂ ಒಂದೇ ಕುಟುಂಬ. ಆದರೆ ಎಕ್ಕದ ಹಾಗೆ ಇದನ್ನು ಮುರಿದರೆ ಹಾಲು ಸುರಿಯದು.

ತೋಟದಲ್ಲಿ ಇದರದು ತುಸು ಹಟ. ತಾಯಿಬೇರು ಆಳಕ್ಕಿಳಿಯುವುದರಿಂದ ಒಮ್ಮೆ ಊರಿದ ಮೇಲೆ ಕಿತ್ತು ಬೇರೆಡೆ ನೆಡುವುದು ಕಷ್ಟ. ನೀರು ನಿಂತರೆ ಕೊಳೆಯುತ್ತದೆ. ವಸಂತದಲ್ಲಿ ತಡವಾಗಿ ಚಿಗುರುತ್ತದೆ. ಸತ್ತಿತೆಂದು ಗುದ್ದಲಿ ಹಾಕುವವರಿದ್ದಾರೆ. ಎಲೆ ತೂತಾಯಿತೆಂದು ಔಷಧಿ ಹೊಡೆಯುವುದು ಇನ್ನೂ ದೊಡ್ಡ ಅನಾಹುತ. ಕಡಿದದ್ದು ಮೊನಾರ್ಕ್ ಚಿಟ್ಟೆಯ ಹುಳುವಿರಬಹುದು. ಅದಕ್ಕೆ ಈ ಬಳಗದ ಎಲೆ ಬಿಟ್ಟರೆ ಬೇರೆ ಊಟವಿಲ್ಲ. ಒಂದೂ ತೂತಿಲ್ಲದ ಎಲೆಯೇ ಬೇಕೆನ್ನುವವರು ಪ್ಲಾಸ್ಟಿಕ್ ಗಿಡ ಇಟ್ಟುಕೊಳ್ಳಲಿ!

ಬೀಜಕ್ಕೂ ಒಂದು ಷರತ್ತುಂಟು: ಕೆಲವು ವಾರ ಒದ್ದೆ ಮಣ್ಣಿನ ಚಳಿ ಉಂಡರೇ ಅದು ಚೆನ್ನಾಗಿ ಮೊಳೆಯುವುದು. ಅದಕ್ಕೇ ಅಲ್ಲಿನವರು ಚಳಿಗಾಲಕ್ಕೆ ಮುಂಚೆಯೇ ಬಿತ್ತಿ, ಹಿಮಕ್ಕೆ ಬಿಟ್ಟುಬಿಡುತ್ತಾರೆ.