ದುಡಿಯುವ ಕೈಯೇ ಸಂಘದ ಬಂಡವಾಳ

(ಮಸ್ಕಿಯಲ್ಲಿ ಮಹಿಳಾ ಸ್ವಸಹಾಯ ಸಂಘಗಳ ಪ್ರತಿನಿಧಿಗಳ ಸಭೆಯಲ್ಲಿ ನೀಡಿದ ಉಪನ್ಯಾಸ)



ಸಿಂಧನೂರು, ಲಿಂಗಸುಗೂರು, ಮಸ್ಕಿ ಮೂರೂ ಕಡೆಯಿಂದ ಒಂದು ದಿನದ ಕೂಲಿ ಬಿಟ್ಟು ಬಂದಿದ್ದೀರಿ. ಆ ಕೂಲಿಗೆ ತಕ್ಕ ಮಾತನ್ನೇ ಆಡೋಣ.

ವಾರದ ಸಭೆಯಲ್ಲಿ ನಾವು ಉಳಿತಾಯ, ಸಾಲ, ಬಡ್ಡಿ, ದಂಡ ಎಲ್ಲವನ್ನೂ ಬರೆಯುತ್ತೇವೆ. ಒಂದು ಲೆಕ್ಕ ಮಾತ್ರ ಯಾವ ಪುಸ್ತಕದಲ್ಲೂ ಇಲ್ಲ. ಆರೋಗ್ಯ ಕೆಟ್ಟು ನಾವು ಕೆಲಸಕ್ಕೆ ಹೋಗದ ದಿನಗಳೆಷ್ಟು? ಹೊಲಿಗೆ ಮಷಿನ್‌ಗೆ ಅಂತ ಬರೆಸಿ ದವಾಖಾನೆಗೆ ಕಟ್ಟಿದ ಸಾಲವೆಷ್ಟು? ಸಂಘ ಸೋಲುವುದು ಎಷ್ಟೋ ಸಲ ಇಲ್ಲೇ.

ಒಂದು ಅಂದಾಜು ಲೆಕ್ಕ ಹಾಕೋಣ. ಹತ್ತು ಜನ ಸೇರಿ ಖಡಕ್ ರೊಟ್ಟಿ ಮಾಡುತ್ತೇವೆ ಎನ್ನಿ. ಒಬ್ಬರು ದಿನಕ್ಕೆ 100 ರೊಟ್ಟಿ ತಟ್ಟಿದರೆ, ರೊಟ್ಟಿಗೆ 3 ರೂಪಾಯಿ ಉಳಿದರೆ, ದಿನಕ್ಕೆ 300 ರೂಪಾಯಿ ಆಯಿತು. ಸೊಂಟ ನೋವು, ಉರಿಮೂತ್ರ, ಹೊಗೆಯ ಕೆಮ್ಮು ಅಂತ ಒಬ್ಬೊಬ್ಬರು ತಿಂಗಳಿಗೆ ಎರಡು ದಿನ ಬರಲಿಲ್ಲವೆಂದರೆ ಸಂಘಕ್ಕೆ ತಿಂಗಳಿಗೆ 6,000, ವರ್ಷಕ್ಕೆ 72,000 ರೂಪಾಯಿ ನಷ್ಟ. ಒಲೆಗೆ ಹೊಗೆ ಕೊಳವೆ, ಕೂಡಲು ಎತ್ತರದ ಮಣೆ, ಒಂದು ಫ್ಯಾನ್, ಶುದ್ಧ ನೀರು, ಇವಕ್ಕೆಲ್ಲ 15,000 ಖರ್ಚಾಗಲಿ. ತಪ್ಪಿಹೋಗುವ ದಿನಗಳಲ್ಲಿ ಅರ್ಧ ಉಳಿದರೂ ಐದು ತಿಂಗಳಲ್ಲಿ ಆ ದುಡ್ಡು ವಾಪಸ್ ಬಂತು. ಆಮೇಲಿನದೆಲ್ಲ ಲಾಭವೇ. ಇದು ಧರ್ಮಕ್ಕೆ ಮಾಡುವ ಖರ್ಚಲ್ಲ, ವ್ಯಾಪಾರಕ್ಕೆ ಹಾಕುವ ಬಂಡವಾಳ.

ದೊಡ್ಡ ಕಂಪನಿಗಳು ಈ ಲೆಕ್ಕವನ್ನು ಚೆನ್ನಾಗಿ ಬಲ್ಲವು. ಬೆಂಗಳೂರಿನ ಸುತ್ತಮುತ್ತಲ ಗಾರ್ಮೆಂಟ್ ಕಾರ್ಖಾನೆಗಳಲ್ಲಿ ಹಳೆಯ ಟ್ಯೂಬ್‌ಲೈಟ್ ತೆಗೆದು ಎಲ್‌ಇಡಿ ದೀಪ ಹಾಕಿದಾಗ ಏನಾಯಿತು ಎಂದು ಸಂಶೋಧಕರು ನೋಡಿದರು. ಎಲ್‌ಇಡಿ ದೀಪದಿಂದ ಸೆಕೆ ಕಡಿಮೆ. ಹಾಗಾಗಿ ಬಿಸಿಲು ಜಾಸ್ತಿ ಇದ್ದ ದಿನಗಳಲ್ಲಿ ಹೆಣ್ಣುಮಕ್ಕಳು ಹೆಚ್ಚು ಬಟ್ಟೆ ಹೊಲಿದರು. ಬರೀ ಕರೆಂಟ್ ಬಿಲ್ಲಿನ ಉಳಿತಾಯ ಹಿಡಿದರೆ ದೀಪದ ಖರ್ಚು ಹುಟ್ಟಲು ಎಷ್ಟು ಕಾಲ ಬೇಕಿತ್ತೋ, ಹೆಚ್ಚಿದ ಕೆಲಸವನ್ನೂ ಸೇರಿಸಿದಾಗ ಅದರ ಮೂರರಲ್ಲಿ ಒಂದು ಪಾಲಿಗಿಂತ ಕಡಿಮೆ ಸಾಕಾಯಿತು. ನಮ್ಮ ರಾಯಚೂರು ಜಿಲ್ಲೆಯ ಬಿಸಿಲಿನ ಬಗ್ಗೆ ನಿಮಗೆ ಹೇಳಬೇಕಾಗಿಲ್ಲ. ತಗಡಿನ ಶೆಡ್ಡಿನಲ್ಲಿ ಮಷಿನ್ ಇಟ್ಟವರು ಯೋಚಿಸಿರಿ.

ಇನ್ನೊಂದು ಮಾತು ರಕ್ತಹೀನತೆಯದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ನೂರಕ್ಕೆ ಸುಮಾರು 48 ಜನರಿಗೆ ರಕ್ತ ಕಡಿಮೆ. ಇಲ್ಲಿ ಕೂತಿರುವ ನಮ್ಮಲ್ಲಿ ಹೆಚ್ಚುಕಡಿಮೆ ಅರ್ಧ ಜನ ಅಂತಾಯಿತು. ಶ್ರೀಲಂಕಾದ ಚಹಾ ತೋಟಗಳಲ್ಲಿ ಎಲೆ ಬಿಡಿಸುವ ಹೆಂಗಸರಿಗೆ ಕಬ್ಬಿಣಾಂಶದ ಮಾತ್ರೆ ಕೊಟ್ಟು ನೋಡಿದ ಅಧ್ಯಯನವೊಂದು 1979ರಲ್ಲಿ ಪ್ರಕಟವಾಯಿತು. ರಕ್ತ ಹೆಚ್ಚಿದಂತೆ ಅವರು ಬಿಡಿಸಿದ ಎಲೆಯ ತೂಕವೂ ಹೆಚ್ಚಿತು. ಹತ್ತಿ ಬಿಡಿಸುವ, ಭತ್ತ ನಾಟಿ ಮಾಡುವ ನಮ್ಮ ಕೈಗಳಿಗೂ ಇದೇ ನ್ಯಾಯ. "ಮೈಯಾಗ ಶಕ್ತಿ ಇಲ್ರೀ" ಅಂದರೆ ಅದು ಸೋಮಾರಿತನ ಅಲ್ಲ, ಎಷ್ಟೋ ಸಲ ರಕ್ತ ಕಡಿಮೆ ಇರೋದು.

ನಮ್ಮ ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಚಿನ್ನದ ಗಣಿಯನ್ನೇ ನೋಡಿ. ಕಲ್ಲಿನ ಧೂಳು ಶ್ವಾಸಕೋಶ ಹಾಳು ಮಾಡುತ್ತದೆ ಎಂದು ಗೊತ್ತಿರುವುದರಿಂದ, ಗಣಿ ಕಾರ್ಮಿಕರಿಗೆ ಕಾಲಕಾಲಕ್ಕೆ ತಪಾಸಣೆ ಆಗಬೇಕೆಂದು ಕಾನೂನೇ ಹೇಳುತ್ತದೆ. ಹಾಗಾದರೆ ಹೊಲಕ್ಕೆ ಎಣ್ಣೆ ಹೊಡೆಯುವಾಗ ನೀರು ಹೊತ್ತು ಕೊಡುವವಳಿಗೆ ತಪಾಸಣೆ ಯಾರು ಮಾಡಿಸಬೇಕು? ಅವಳಿಗೆ ಕಂಪನಿ ಇಲ್ಲ. ಅವಳ ಸಂಘವೇ ಅವಳ ಕಂಪನಿ.

ನಮ್ಮ ಕಡೆ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡೋದಿಲ್ಲ, ಅದು ಬಸವಣ್ಣನ ವಾರ. ಬೈಬಲ್ಲಿನಲ್ಲೂ ಏಳನೆಯ ದಿನ ಆಳಿಗೂ ಎತ್ತಿಗೂ ಬಿಡುವು ಕೊಡಬೇಕೆಂಬ ಆಜ್ಞೆ ಇದೆ. ಮಸ್ಕಿಯ ಬಂಡೆಯ ಮೇಲೆ ಯಾರ ಹೆಸರಿದೆಯೋ ಆ ಅಶೋಕ, ತನ್ನ ಇನ್ನೊಂದು ಶಾಸನದಲ್ಲಿ ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆಯ ಏರ್ಪಾಡು ಮಾಡಿಸಿದ್ದಾಗಿ, ಔಷಧಿ ಗಿಡ ನೆಡಿಸಿದ್ದಾಗಿ ಬರೆಸಿದ್ದಾನೆ. ಎತ್ತಿಗೆ ಇರುವ ಬಿಡುವು ಎತ್ತಿಗೆ ಮೇವು ಹಾಕುವ ನಮಗೆ ಮಾತ್ರ ಇಲ್ಲ. ಎಲ್ಲರೂ ಉಂಡ ಮೇಲೆ ಉಳಿದದ್ದು ಉಂಡು, ಶೌಚಕ್ಕೆ ಜಾಗ ಇಲ್ಲವೆಂದು ನೀರು ಕುಡಿಯದೆ ದುಡಿಯುತ್ತೇವೆ. ಇದನ್ನು ತ್ಯಾಗ ಅಂತ ಹೊಗಳಿಸಿಕೊಳ್ಳುವುದು ಸಾಕು.

ಹಾಗಾದರೆ ಏನು ಮಾಡೋಣ?

1. ಸಂಘದ ಪುಸ್ತಕದಲ್ಲಿ ಒಂದು ಹಾಳೆ ಬಿಡಿ. ಯಾರು, ಯಾವ ಕಾರಣಕ್ಕೆ, ಎಷ್ಟು ದಿನ ಕೆಲಸ ತಪ್ಪಿಸಿದರು ಎಂದು ಬರೆಯಿರಿ. ಹೇಳಲು ಸಂಕೋಚವಿರುವ ಕಾಯಿಲೆಯಾದರೆ ದಿನ ಮಾತ್ರ ಬರೆದರೆ ಸಾಕು. ಆ ಹಾಳೆ ತೋರಿಸಿ ಯಾರಿಗೂ ದಂಡ ಹಾಕಬಾರದು.

2. ವರ್ಷಕ್ಕೆರಡು ಸಲ ಎಲ್ಲರೂ ಒಟ್ಟಿಗೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ರಕ್ತ, ಬಿ.ಪಿ., ಸಕ್ಕರೆ ಪರೀಕ್ಷೆ ಮಾಡಿಸಿರಿ. ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆ ಇದ್ದರೆ, ಗರ್ಭಿಣಿಯರಿಗೆ 11ಕ್ಕಿಂತ ಕಡಿಮೆ ಇದ್ದರೆ, ವೈದ್ಯರನ್ನು ಕೇಳಿ ಮಾತ್ರೆ ತೆಗೆದುಕೊಳ್ಳಿ.

3. ಸಜ್ಜೆ ರೊಟ್ಟಿ, ಪುಂಡಿ ಪಲ್ಯ, ನುಗ್ಗೆ ಸೊಪ್ಪು, ಕಾಳು ಉಣ್ಣಿ, ಮೇಲೊಂದಿಷ್ಟು ನಿಂಬೆಹುಳಿ ಹಿಂಡಿ. ಊಟದ ಜೊತೆಗೇ ಚಹಾ ಬೇಡ, ಅದು ಕಬ್ಬಿಣಾಂಶವನ್ನು ಮೈಗೆ ಹತ್ತಗೊಡುವುದಿಲ್ಲ.

4. ಕೆಲಸದ ಜಾಗದಲ್ಲಿ ಗಾಳಿ, ನೀರು, ಶೌಚಾಲಯ, ಮಧ್ಯಾಹ್ನ ಅರ್ಧ ಗಂಟೆ ಬಿಡುವು ಇರಲೇಬೇಕು. ಸಂಘದವರು ಕೂಲಿಯವರನ್ನು ಇಟ್ಟುಕೊಂಡರೆ ಆಗ ನಾವೇ ಮಾಲೀಕರು. ಅವರಿಗೂ ಇದೇ ಸವಲತ್ತು ಕೊಡೋಣ.

5. ಬಿ.ಪಿ.ಎಲ್. ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆಯ ಸೌಲಭ್ಯವಿದೆ. ಕಾರ್ಡ್ ಮಾಡಿಸದವರ ಹೆಸರನ್ನು ಈ ವಾರವೇ ಪಟ್ಟಿ ಮಾಡಿರಿ. ಬೆಂಗಳೂರಿನ ಗಾರ್ಮೆಂಟ್‌ಗೆ ಹೋದ ಮಗಳಿಗೆ ಇ.ಎಸ್.ಐ. ಕಾರ್ಡ್ ಕೊಟ್ಟಿದ್ದಾರೆಯೇ ಎಂದು ಫೋನ್ ಮಾಡಿ ಕೇಳಿರಿ. ಅವಳ ಸಂಬಳದಲ್ಲಿ ಅದಕ್ಕೆ ದುಡ್ಡು ಮುರಿಯುತ್ತಾರೆ, ಮಾಲೀಕರೂ ಅವಳಿಗಿಂತ ಹೆಚ್ಚಿನ ಪಾಲು ಕಟ್ಟಬೇಕು.

ಮಷಿನ್ ಕೆಟ್ಟರೆ ರಿಪೇರಿ ಮಾಡಿಸುತ್ತೇವೆ, ಎಮ್ಮೆ ಮೇವು ಬಿಟ್ಟರೆ ಅದೇ ದಿನ ಡಾಕ್ಟರನ್ನು ಕರೆಸುತ್ತೇವೆ. ಮುಂದಿನ ಸಭೆಯಲ್ಲಿ ಉಳಿತಾಯ ಕಟ್ಟುವ ಮೊದಲು ಒಬ್ಬರಿಗೊಬ್ಬರು ಒಂದು ಪ್ರಶ್ನೆ ಕೇಳೋಣ: "ಅಕ್ಕಾ, ಮೈಯಾಗ ಆರಾಮ ಅದೀಯಾ?" ಉತ್ತರ ಬರುವ ತನಕ ಕಾಯೋಣ. "ಹ್ಞೂಂ" ಅಂದರೂ ಮುಖ ನೋಡಿ ಇನ್ನೊಮ್ಮೆ ಕೇಳೋಣ.