ಬಿಸಿಲು ಕಂಡ ಸಸಿ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ನಾನು ಇಲ್ಲಿ ಎಂಟನೇ ತರಗತಿಯಲ್ಲಿದ್ದಾಗ ಅಪ್ಪ ಟೊಮೆಟೊ ಸಸಿ ಬೆಳೆಸಿದ್ದರು. ನಾಟಿಗೆ ಮುಂಚೆ ಮಡಿಯ ಮೇಲಿನ ತೆಂಗಿನ ಗರಿಗಳನ್ನು ದಿನಕ್ಕಿಷ್ಟು ತೆಗೆಯುತ್ತಾ ಬಂದರು. ನನಗೆ ಕನಿಕರವಾಗಿ, ಅವರಿಲ್ಲದಾಗ ಒಂದು ಮೂಲೆಗೆ ಗರಿ ಮುಚ್ಚಿಡುತ್ತಿದ್ದೆ. ಹೊಲಕ್ಕೆ ಹೋದ ಮೇಲೆ ಆ ಮೂಲೆಯ ಸಸಿಗಳೇ ಮೊದಲು ಬಾಡಿದವು. "ಬಿಸಿಲು ಕಾಣದ ಸಸಿ ಬಿಸಿಲಲ್ಲಿ ನಿಲ್ಲಲ್ಲ ಕಣಪ್ಪ" ಅಂದರು ಅಪ್ಪ. ಯಾಕೆ ನಿಲ್ಲುವುದಿಲ್ಲ ಎಂಬುದು ನನಗೆ ತಿಳಿದದ್ದು ಸಸ್ಯವಿಜ್ಞಾನ ಓದಿದ ಮೇಲೆ.

ಇಟಲಿಯಲ್ಲಿ ಫೆರುಚ್ಚೊ ರಿಟೋಸ ಎಂಬ ವಿಜ್ಞಾನಿ ಹಣ್ಣುನೊಣದ ಮರಿಹುಳುವಿನ ಜೊಲ್ಲುಗ್ರಂಥಿಯ ಜೀವಕೋಶಗಳನ್ನು ಪರೀಕ್ಷಿಸುತ್ತಿದ್ದರು. ಒಮ್ಮೆ ಯಾರೋ ಕಾವುಪೆಟ್ಟಿಗೆಯ ಉಷ್ಣತೆ ಬದಲಾಯಿಸಿಬಿಟ್ಟಿದ್ದರು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ವರ್ಣತಂತುಗಳ ಮೇಲೆ ಹೊಸ ಜಾಗಗಳಲ್ಲಿ ಉಬ್ಬುಗಳು! ಉಬ್ಬು ಎಂದರೆ ಅಲ್ಲಿನ ಜೀನ್ ಕೆಲಸಕ್ಕೆ ಇಳಿದಿದೆ ಎಂದರ್ಥ. ಪ್ರಯೋಗ ಕೆಟ್ಟಿತೆಂದು ಅವರು ಬಿಸಾಡಲಿಲ್ಲ, ಕಾರಣ ಹುಡುಕಿದರು. ಬಿಸಿಯಷ್ಟೇ ಅಲ್ಲ, ಕೆಲವು ರಾಸಾಯನಿಕಗಳೂ ಅದೇ ಉಬ್ಬುಗಳನ್ನು ಎಬ್ಬಿಸಿದವು. 1962ರಲ್ಲಿ ಇದನ್ನು ಪ್ರಕಟಿಸಿದರು.

ಕೋಶದೊಳಗೆ ಆಗುವುದು ಇಷ್ಟು. ಬೇಯಿಸಿದ ಮೊಟ್ಟೆಯ ಬಿಳಿ ಗಟ್ಟಿಯಾಗುತ್ತದಲ್ಲ, ಹಾಗೆ ಬಿಸಿಗೆ ಪ್ರೋಟೀನುಗಳ ಆಕಾರ ಕೆಡುತ್ತದೆ. ಅವನ್ನು ಸರಿಪಡಿಸುವ ಸಹಾಯಕ ಪ್ರೋಟೀನುಗಳೂ ಕೋಶದಲ್ಲಿವೆ. ಸುಮ್ಮನಿರುವಾಗ ಇವು ಒಂದು 'ಸ್ವಿಚ್' ಪ್ರೋಟೀನನ್ನು ಹಿಡಿದಿಟ್ಟುಕೊಂಡಿರುತ್ತವೆ. ಆಪತ್ತು ಬಂದೊಡನೆ ಅದನ್ನು ಬಿಟ್ಟು ಕೆಟ್ಟ ಪ್ರೋಟೀನುಗಳ ಕಡೆ ಓಡುತ್ತವೆ. ಬಿಡುಗಡೆಯಾದ ಸ್ವಿಚ್‌ಗಳು ಮೂರು ಮೂರಾಗಿ ಕೂಡಿ, ಡಿಎನ್‌ಎ ಮೇಲೆ ಕುಳಿತು ರಕ್ಷಕ ಜೀನ್‌ಗಳನ್ನು ಎಬ್ಬಿಸುತ್ತವೆ. ಆಗ ಇನ್ನಷ್ಟು ಸಹಾಯಕರು ತಯಾರಾಗುತ್ತಾರೆ. ರಿಪೇರಿ ಮುಗಿದ ಮೇಲೆ ಅವರೇ ಸ್ವಿಚ್ಚನ್ನು ಮತ್ತೆ ಹಿಡಿದು ಕೂರಿಸುತ್ತಾರೆ.

ಹದವಾದ ಬಿಸಿ ಕಂಡ ಗಿಡದಲ್ಲಿ ಈ ಸಹಾಯಕರು ಮೊದಲೇ ಸಿದ್ಧರಿರುತ್ತಾರೆ. ಅಪ್ಪನ ಸಸಿಗಳು ಉಳಿದದ್ದಕ್ಕೆ ಇದೂ ಒಂದು ಕಾರಣ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ಇದೇ ಗುಣವನ್ನು ಬಳಸಿದ್ದಾರೆ: ಮೊಳಕೆಗಳಿಗೆ ಮೊದಲು ಹದಬಿಸಿ, ಆಮೇಲೆ ಕಡುಬಿಸಿ ಕೊಟ್ಟು, ತಾಳಿದವನ್ನು ಆರಿಸುತ್ತಾರೆ. ಬೇಸಿಗೆ ಬಿರುಸಾಗುತ್ತಿರುವ ಈ ದಿನಗಳಲ್ಲಿ ನಮ್ಮಂಥ ರೈತರ ಊರಿಗೆ ಇದು ಬೇಕಾದ ಕೆಲಸ.

ಆದರೆ ಒಮ್ಮೆಗೇ ಕಡುಬಿಸಿ ಬಿದ್ದರೆ ಕೋಶ ಸಾಯುತ್ತದೆ. ಹಾಗಾಗಿ ಕಷ್ಟ ಕೊಟ್ಟಷ್ಟೂ ಮಕ್ಕಳು ಗಟ್ಟಿಯಾಗುತ್ತಾರೆಂದು ದಯವಿಟ್ಟು ತಿಳಿಯಬೇಡಿ. ಅಪ್ಪ ಗರಿ ತೆಗೆದದ್ದು ದಿನಕ್ಕಿಷ್ಟೇ. ನಮ್ಮ ಗುರುಗಳೂ ಲೆಕ್ಕವನ್ನು ಹಾಗೇ ಕೊಡುತ್ತಿದ್ದರು: ಇವತ್ತಿನದಕ್ಕಿಂತ ನಾಳೆಯದು ಸ್ವಲ್ಪವೇ ಕಷ್ಟ.