ಎರಡು ನಿಮಿಷದ ದೂರ

ನಮ್ಮ ಹಿರಿಯರಲ್ಲಿ ಹರದಾರಿ, ಗಾವುದಗಳೆಂಬ ಲೆಕ್ಕದ ಮಾತುಗಳು ಇದ್ದವು. ಆದರೂ ದಿನಬಳಕೆಯಲ್ಲಿ ಅವರು 'ಕೂಗಳತೆ' ಎಂದರು, 'ಒಂದು ಹೊತ್ತಿನ ದಾರಿ' ಎಂದರು. ದಾರಿಯ ಉದ್ದಕ್ಕಿಂತ ಅದನ್ನು ಸವೆಸುವ ಮನುಷ್ಯನ ಪಾಡು ಅವರಿಗೆ ಮುಖ್ಯವಾಗಿತ್ತು. ವಿಮಾನಯುಗಕ್ಕೂ ಈ ಅಳತೆ ಸಲ್ಲುತ್ತದೆಂದು ನನ್ನ ನಂಬಿಕೆ. ಅದಕ್ಕೊಂದು ನಿದರ್ಶನವನ್ನು ತಮ್ಮ ಮುಂದಿಡುತ್ತೇನೆ.

ಸ್ಕಾಟ್‌ಲೆಂಡಿನ ಉತ್ತರಕ್ಕೆ ಆರ್ಕ್ನಿ ಎಂಬ ದ್ವೀಪಸ್ತೋಮವಿದೆ. ಅಲ್ಲಿನ ವೆಸ್ಟ್ರೇ ಮತ್ತು ಪಾಪಾ ವೆಸ್ಟ್ರೇ ದ್ವೀಪಗಳಿಗೆ ಒಂದೊಂದು ಪುಟ್ಟ ವಿಮಾನ ನಿಲ್ದಾಣ. ನಡುವಣ ಅಂತರ ಸುಮಾರು 2.7 ಕಿಲೋಮೀಟರು. 1967ರಲ್ಲಿ ಲೋಗನ್‌ಏರ್ ಸಂಸ್ಥೆ ಆರಂಭಿಸಿದ ಈ ಸಂಚಾರ, ವೇಳಾಪಟ್ಟಿಗೆ ಸೇರಿದ ವಿಮಾನಯಾನಗಳಲ್ಲಿ ಜಗತ್ತಿನಲ್ಲೇ ಅತ್ಯಂತ ಕಿರಿದೆಂದು ಹೆಸರಾಗಿದೆ. ವೇಳಾಪಟ್ಟಿ ಇದಕ್ಕೆ ಕೊಟ್ಟ ಕಾಲ ಎರಡು ನಿಮಿಷ.

ಎಂಟು ಪ್ರಯಾಣಿಕರನ್ನು ಹೊರುವ ಐಲ್ಯಾಂಡರ್ ವಿಮಾನದ ವೇಗ ಗಂಟೆಗೆ ಸುಮಾರು 240 ಕಿಲೋಮೀಟರು. ಶಾಲೆಯ ತ್ರೈರಾಶಿಯಂತೆ ಲೆಕ್ಕ ಹಾಕಿದರೆ 40 ಸೆಕೆಂಡು ಸಾಕು. ವಾಸ್ತವದಲ್ಲಿ ಸುಮಾರು ಒಂದೂವರೆ ನಿಮಿಷ ಹಿಡಿಯುತ್ತದೆ. ಏರುವುದರಲ್ಲಿ, ತಿರುಗುವುದರಲ್ಲಿ, ಇಳಿಯುವುದರಲ್ಲಿಯೇ ಯಾನ ಮುಗಿಯುವುದರಿಂದ ಪೂರ್ಣ ವೇಗಕ್ಕೆ ಎಡೆಯೇ ಇಲ್ಲ. ಗಾಳಿ ಒಲಿದ ದಿನ 53 ಸೆಕೆಂಡುಗಳಲ್ಲಿ ಮುಟ್ಟಿದ ದಾಖಲೆಯೂ ಉಂಟು. ಸಣ್ಣ ನಿಲ್ದಾಣಗಳ ನಡುವಣ ಎಲ್ಲ ಹಾರಾಟಗಳಿಗೂ ಇದೇ ನ್ಯಾಯ: ದೂರ ಅರ್ಧವಾದ ಮಾತ್ರಕ್ಕೆ ಕಾಲ ಅರ್ಧವಾಗದು.

ಇಷ್ಟು ಹತ್ತಿರಕ್ಕೆ ವಿಮಾನವೇಕೆ, ಇದು ಬರಿಯ ವಿನೋದವಲ್ಲವೆ ಎಂದು ತಾವು ಕೇಳಬಹುದು. ದಾಖಲೆಯ ಆಸೆಗೆ ಹತ್ತುವ ಪ್ರವಾಸಿಗಳು ಇರುವುದು ನಿಜ. ಆದರೆ ನೂರು ಜನವೂ ಇಲ್ಲದ ಪಾಪಾ ವೆಸ್ಟ್ರೇಗೆ ಉಪಾಧ್ಯಾಯರು, ವೈದ್ಯರು ಬರುವುದು ಇಂಥ ವಿಮಾನಗಳಲ್ಲಿ. ರೋಗಿಗಳು ಮುಖ್ಯ ಪಟ್ಟಣವಾದ ಕರ್ಕ್‌ವಾಲ್‌ಗೆ ಹೋಗುವುದೂ ಹಾಗೆಯೇ. ದೋಣಿಯೂ ಉಂಟು, ಆದರೆ ಉತ್ತರದ ಕಡಲು ಎಲ್ಲ ದಿನವೂ ಒಂದೇ ಸಮನಾಗಿರುವುದಿಲ್ಲ. ಬೆರಳೆಣಿಕೆಯ ಪ್ರಯಾಣಿಕರ ಟಿಕೆಟ್ಟಿನ ಹಣದಿಂದ ಈ ಸಂಚಾರ ನಡೆಯಲಾರದೆಂದು ಸಾರ್ವಜನಿಕ ಬೊಕ್ಕಸ ಹೆಗಲು ಕೊಡುತ್ತದೆ.

ಅದು ದಂಡದ ವೆಚ್ಚವೆನ್ನುವವರು ಸೇಂಟ್ ಕಿಲ್ಡಾದ ಕಥೆಯನ್ನು ನೆನೆಯಬೇಕು. ಸ್ಕಾಟ್‌ಲೆಂಡಿನ ಪಶ್ಚಿಮದ ದೂರದ ಕಡಲಲ್ಲಿರುವ ಆ ದ್ವೀಪದಲ್ಲಿ ಶತಮಾನಗಳ ಕಾಲ ಜನ ಬಾಳಿದ್ದರು. ತರುಣರು ಒಬ್ಬೊಬ್ಬರಾಗಿ ಹೊರಟುಹೋದರು. ಚಳಿಗಾಲದಲ್ಲಿ ಹೊರಗಿನ ನೆರವು ಎಟುಕುತ್ತಿರಲಿಲ್ಲ. ಕೊನೆಗೆ 1930ರ ಆಗಸ್ಟ್ 29ರಂದು, ಉಳಿದಿದ್ದ 36 ಮಂದಿ ತಾವೇ ಸರ್ಕಾರವನ್ನು ಬೇಡಿಕೊಂಡು ಹಡಗು ಹತ್ತಿದರು. ಮನೆಗಳು ಉಳಿದವು, ಊರು ಅಳಿಯಿತು.

ಪಾಪಾ ವೆಸ್ಟ್ರೇಯ ಕಡಲಂಚಿನಲ್ಲಿ ನ್ಯಾಪ್ ಆಫ್ ಹೌವರ್ ಎಂಬ ಕಲ್ಲಿನ ಮನೆ ಇದೆ. ಅದಕ್ಕೆ 5000 ವರ್ಷಗಳಿಗೂ ಮಿಕ್ಕ ಪ್ರಾಯ. ಅದೇ ನೆಲದಲ್ಲಿ ಇಂದಿಗೂ ಒಲೆ ಉರಿಯುತ್ತದೆ, ಶಾಲೆಯ ಗಂಟೆ ಬಾರಿಸುತ್ತದೆ. ಆ ಎರಡು ನಿಮಿಷದ ಹಾರಾಟಕ್ಕೂ ಇದರಲ್ಲಿ ಒಂದು ಪಾಲಿದೆ. ಆದ್ದರಿಂದ ಮೂಲೆಯ ಊರೊಂದು ಎಷ್ಟು ದೂರವೆಂದು ಅಳೆಯುವ ಮೊದಲು, ಅಲ್ಲಿಯವರ ಕೂಗು ನಮಗೆ ಕೇಳಿಸುತ್ತದೆಯೆ ಎಂದು ವಿಚಾರಿಸಿಕೊಳ್ಳುವುದು ಲೇಸು.